ಗ್ಯಾರೇಜಿನಲ್ಲಿಟ್ಟ ಬೂದಿ

ಆಗ ನನಗೆ ಅರವತ್ತೊಂಬತ್ತು. ಈಗ ಆರು ಚಳಿಗಾಲ ಕಳೆದವು. ನೇಪರ್‌ವಿಲ್‌ನಲ್ಲಿ ಒಬ್ಬರ ಮನೆಗೆ ನಾನು ಬೆಂಕಿ ಹಚ್ಚಿದೆ. ಬೇಕೆಂದು ಹಚ್ಚಲಿಲ್ಲ. ಆದರೆ ಹಚ್ಚಿದವಳು ನಾನೇ, ಬೇರೆ ಯಾರೂ ಅಲ್ಲ.

ನನ್ನ ಕೆಲಸ ಕೂಸುಗಳಿಗೆ ಎರೆಯುವುದು. ಹುಬ್ಬಳ್ಳಿಯಲ್ಲಿ ನಲವತ್ತು ವರ್ಷ ಅದನ್ನೇ ಮಾಡಿದೆ. ಬೆಳಗಾದರೆ ನಾಲ್ಕು ಓಣಿ, ಏಳೆಂಟು ಬಾಣಂತಿಯರು. ಎಣ್ಣೆ ತಿಕ್ಕಬೇಕು, ಬಿಸಿನೀರು ಹಾಕಬೇಕು, ಲೋಬಾನದ ಹೊಗೆ ಕೊಡಬೇಕು, ಬಾಣಂತಿಯ ಹೊಟ್ಟೆ ಬಿಗಿದು ಕಟ್ಟಬೇಕು, ಮುಂದಿನ ಮನೆಗೆ ನಡೆಯಬೇಕು. ಗಂಡ ಸತ್ತ ಮೇಲೆ ಮಗಳು ಈ ದೇಶಕ್ಕೆ, ನೇಪರ್‌ವಿಲ್ ಪಕ್ಕದ ಲೊಂಬಾರ್ಡಿಗೆ ಕರೆಸಿಕೊಂಡಳು. ಅವಳ ಅಪಾರ್ಟ್‌ಮೆಂಟಿನಲ್ಲಿ ಒಂದು ವರ್ಷ ಗೋಡೆ ನೋಡುತ್ತ ಕೂತೆ. ಆಮೇಲೆ ಅವಳ ಆಫೀಸಿನ ಹುಡುಗಿಯೊಬ್ಬಳು ಹೆತ್ತಳು. ಅವಳ ತಾಯಿಗೆ ವೀಸಾ ಸಿಗಲಿಲ್ಲ. ಬಾಣಂತನಕ್ಕೆ ನನ್ನನ್ನು ಕರೆದರು. ಅಲ್ಲಿಂದ ಬಾಯಿಂದ ಬಾಯಿಗೆ ಸುದ್ದಿ ಹೋಯಿತು. ತಾಯಿ ಇಲ್ಲದವರು, ತಾಯಿಗೆ ಮೊಣಕಾಲು ನೋವಿದ್ದವರು, ಅತ್ತೆಯನ್ನು ಕರೆಸಲು ಮನಸ್ಸಿಲ್ಲದವರು, ಎಲ್ಲರೂ ಕರೆದರು. ನಲವತ್ತು ದಿನ ಅವರ ಮನೆಯಲ್ಲೇ ಇರುತ್ತಿದ್ದೆ. ನನಗೂ ಅದೇ ಬೇಕಾಗಿತ್ತು.

ನೇಪರ್‌ವಿಲ್‌ನದು ಬೆಂಗಳೂರಿನ ಜೋಡಿ. ದೊಡ್ಡ ಮನೆ, ಮರದ ಮನೆ. ಇಲ್ಲಿ ಎಲ್ಲ ಮನೆಗಳೂ ಮರದವೇ, ಮೇಲೆ ಇಟ್ಟಿಗೆಯ ಮುಖವಾಡ ಹಾಕಿರುತ್ತಾರೆ. ಐದು ವರ್ಷದ ಒಬ್ಬ ಹುಡುಗಿ, ಆಗ ತಾನೇ ಹುಟ್ಟಿದ ಗಂಡುಕೂಸು. ಬಾಣಂತಿಗೆ ಮೂವತ್ತೈದರ ಹತ್ತಿರ. ಮಾತು ಕಡಿಮೆ, ಹಟ ಜಾಸ್ತಿ. ಅವಳ ಗಂಡ ನಗಿಸುವ ಮನುಷ್ಯ. ನಾನು ಬಂದ ಮೊದಲ ದಿನ ಅವನಿಗೆ ಹೇಳಿದೆ, ನನಗೆ ಇದ್ದಿಲು ಬೇಕು ಎಂದು.

"ಇದ್ದಿಲಾ? ಯಾತಕ್ಕೆ ಅಜ್ಜಿ, ನಮ್ಮನೇಲಿ ಹೋಮ ಮಾಡ್ತೀರಾ?"

"ಹೋಮ ಅಲ್ಲ ತಮ್ಮಾ, ಲೋಬಾನ ಹಾಕೂದು. ಕೂಸಿನ ನೆಗಡಿ ಹೋಗ್ತೇತಿ, ನಿನ ಹೇಂತಿ ನಡ ಗಟ್ಟಿ ಆಗ್ತೇತಿ."

"ನನ್ನ ನಡಾನೂ ನೋಯುತ್ತೆ. ನಂಗೂ ಸ್ವಲ್ಪ ಹಾಕಿ."

"ನೀ ಒಂದ ಹಡಿ, ಹಾಕ್ತೇನಿ."

ಬೇಸಿಗೆಯಲ್ಲಿ ಜೋಳದ ತೆನೆ ಸುಡಲು ಅವರ ಹಿತ್ತಲಿನ ಡೆಕ್ ಮೇಲೆ ಒಂದು ಗ್ರಿಲ್ ಇತ್ತು, ಗ್ಯಾರೇಜಿನಲ್ಲಿ ಅರ್ಧ ಚೀಲ ಇದ್ದಿಲು ಇತ್ತು. ದಿನಾ ಬೆಳಿಗ್ಗೆ ಗ್ರಿಲ್ಲಿನಲ್ಲಿ ಕೆಂಡ ಮಾಡಿ, ಒಂದು ಕಬ್ಬಿಣದ ಬಾಣಲೆಯಲ್ಲಿ ಹಾಕಿಕೊಂಡು ಮೇಲಿನ ಬಚ್ಚಲಿಗೆ ಒಯ್ಯುತ್ತಿದ್ದೆ. ಅದೇ ನನ್ನ ಅಗ್ಗಿಷ್ಟಿಕೆ. ಸ್ನಾನದ ತೊಟ್ಟಿಯೊಳಗೆ ಮಣೆ ಹಾಕಿ, ಕಾಲು ಚಾಚಿ ಕೂತು, ಕಾಲುಗಳ ಮೇಲೆ ಕೂಸನ್ನು ಮಲಗಿಸಿಕೊಂಡು ಎರೆಯುತ್ತಿದ್ದೆ. ಆಮೇಲೆ ಕಿಟಕಿ ಒಂದು ಬೆರಳು ತೆರೆದು, ಕೆಂಡದ ಮೇಲೆ ಲೋಬಾನ, ಓಂಕಾಳು, ಬೆಳ್ಳುಳ್ಳಿ ಸಿಪ್ಪೆ ಉದುರಿಸಿ ಹೊಗೆ ಕೊಡುತ್ತಿದ್ದೆ.

ಎರಡನೆಯ ದಿನವೇ ಸೂರಿಗೆ ಹಾಕಿದ್ದ ಹೊಗೆಯ ಅಲಾರ್ಮ್ ಕೂಗಿತು. ಮನೆಯ ಮೇಲೂ ಕೆಳಗೂ ಇದ್ದವೆಲ್ಲ ಒಟ್ಟಿಗೆ ಕೂಗಿದವು. ಕೂಸು ಬೆಚ್ಚಿ ನೀಲಿಗಟ್ಟಿತು. ಆತ ಏಣಿ ತಂದು, ಹೋಟೆಲುಗಳಿಂದ ತಂದಿಟ್ಟಿದ್ದ ಸ್ನಾನದ ಪ್ಲಾಸ್ಟಿಕ್ ಟೊಪ್ಪಿಗೆಗಳನ್ನು ಒಂದೊಂದಕ್ಕೂ ತೊಡಿಸಿ ಬಿಗಿದ. ನಮ್ಮವರ ಮನೆಗಳಲ್ಲಿ ಇದು ಹೊಸದಲ್ಲ. ಒಣಮೆಣಸಿನಕಾಯಿ ಒಗ್ಗರಣೆ ಹಾಕುವವರೆಲ್ಲ ಮಾಡುವುದೇ. ಒಗ್ಗರಣೆ ಆದಮೇಲೆ ತೆಗೆಯುತ್ತಾರೆ. ಇಲ್ಲಿ ದಿನಾ ಹೊಗೆ, ಹಾಗಾಗಿ ಯಾರೂ ತೆಗೆಯಲಿಲ್ಲ.

ಇನ್ನು ಬೂದಿ. ಬಾಣಂತಿಯ ಅಗ್ಗಿಷ್ಟಿಕೆಯ ಬೂದಿಯನ್ನು ನಲವತ್ತು ದಿನ ಹೊರಗೆ ಚೆಲ್ಲುವುದಿಲ್ಲ. ಯಾರಾದರೂ ದಾಟಿದರೆ ಕೂಸಿಗೆ ತಾಗುತ್ತದೆ ಎನ್ನುವುದು ನಮ್ಮ ಕಡೆಯ ಮಾತು. ನಲವತ್ತಾದ ಮೇಲೆ ಒಟ್ಟಿಗೆ ಒಯ್ದು ಹರಿಯುವ ನೀರಿಗೆ ಹಾಕುವುದು. ನಾನು ಇದನ್ನು ನಂಬುತ್ತಿದ್ದೆನೋ ಇಲ್ಲವೋ ಹೇಳಲಾರೆ. ನಾನು ನಂಬದಿದ್ದರೂ ನನ್ನ ಕೈ ನಂಬುತ್ತಿತ್ತು. ಹಬ್ಬಕ್ಕೆ ಯಾರೋ ಕೊಟ್ಟ ಪಾಪ್‌ಕಾರ್ನಿನ ದೊಡ್ಡ ತಗಡಿನ ಡಬ್ಬಿ ಸಿಕ್ಕಿತು. ದಿನದ ಬೂದಿ ಅದರಲ್ಲಿ ಹಾಕಿ, ಮುಚ್ಚಳ ಬಿಗಿದು, ಗ್ಯಾರೇಜಿನಲ್ಲಿ ಇಡುತ್ತಿದ್ದೆ.

ಆ ಡಬ್ಬಿ ಇಪ್ಪತ್ತೆರಡನೆಯ ದಿನ ತುಂಬಿತು. ಕ್ರಿಸ್‌ಮಸ್ ಕಳೆದಿತ್ತು, ಹೊಸ ವರ್ಷ ಬಂದಿರಲಿಲ್ಲ. ಹೊರಗೆ ಮೈನಸ್ ಆರು ಫ್ಯಾರನ್‌ಹೀಟ್, ಗಾಳಿ ಬೇರೆ. ಗ್ಯಾರೇಜಿನಲ್ಲಿ ಹಬ್ಬದ ರಟ್ಟಿನ ಪೆಟ್ಟಿಗೆಗಳು ನನ್ನ ಎತ್ತರಕ್ಕೆ ಬಿದ್ದಿದ್ದವು. ಹುಡುಗಿಯ ಹೊಸ ಬೂಟಿನ ಪೆಟ್ಟಿಗೆ ಖಾಲಿ ಇತ್ತು. ಬಾಣಲೆಯ ಬೂದಿ ಅದಕ್ಕೆ ಸುರಿದೆ. ಮೇಲೆ ಅಂಗೈ ಇಟ್ಟು ನೋಡಿದೆ. ತಣ್ಣಗಿತ್ತು. ಗೋಡೆಯ ಕಡೆಯ ಹಲಗೆಯ ಮೇಲೆ, ಉಳಿದ ಪೆಟ್ಟಿಗೆಗಳ ನಡುವೆ ಇಟ್ಟು ಒಳಗೆ ಬಂದೆ.

ಗೊತ್ತಿರಲಿಲ್ಲ ಎಂದು ನಾನು ಹೇಳುವುದಿಲ್ಲ. ನನ್ನ ಅವ್ವ ಒಲೆಯ ಕೆಂಡವನ್ನು ಬೂದಿಯಲ್ಲಿ ಮುಚ್ಚಿ ಮಲಗುತ್ತಿದ್ದಳು. ಬೆಳಿಗ್ಗೆ ಬೂದಿ ಸರಿಸಿ ಊದಿದರೆ ಬೆಂಕಿ ಏಳುತ್ತಿತ್ತು. ಬೂದಿಯೊಳಗೆ ಕೆಂಡ ಬದುಕಿರುತ್ತದೆ ಎನ್ನುವುದು ನನಗೆ ಓದು ಬರುವ ಮೊದಲೇ ಗೊತ್ತಿತ್ತು. ಓದು ಬಂದದ್ದೂ ಅಷ್ಟಕ್ಕಷ್ಟೇ. ಗ್ಯಾರೇಜು ಫ್ರಿಜ್ಜಿನ ಹಾಗೆ ಕೊರೆಯುತ್ತಿತ್ತು. ಈ ಚಳಿಯಲ್ಲಿ ಯಾವ ಕೆಂಡ ಉಳಿದೀತು ಎಂದುಕೊಂಡೆ. ಅಷ್ಟೇ ನನ್ನ ವಿಚಾರ.

ಮಧ್ಯಾಹ್ನ ಎರಡಕ್ಕೆ ಗಂಡ ಹುಡುಗಿಯನ್ನು ಕರೆದುಕೊಂಡು ಐಸ್ ಮೇಲೆ ಜಾರುವ ಆಟಕ್ಕೆ ಹೋಗಿದ್ದ. ಬಾಣಂತಿ, ಕೂಸು ಮೇಲೆ ಮಲಗಿದ್ದರು. ನಾನು ಅಡುಗೆಮನೆಯಲ್ಲಿ ಅಂಟಿನುಂಡಿಗೆ ಕೊಬ್ಬರಿ ತುರಿಯುತ್ತಿದ್ದೆ. ಪ್ಲಾಸ್ಟಿಕ್ ಸುಟ್ಟ ವಾಸನೆ ಬಂತು. ಒಲೆ ನೋಡಿದೆ, ಆರಿತ್ತು. ಗ್ಯಾರೇಜಿಗೆ ಹೋಗುವ ಬಾಗಿಲು ತೆರೆದೆ. ಕಪ್ಪು ಹೊಗೆ ಮೊಣಕಾಲಿನ ಮಟ್ಟದಿಂದ ಮೇಲಕ್ಕೆ ಗೋಡೆಯ ಹಾಗೆ ನಿಂತಿತ್ತು, ಹಿಂದೆ ಕೆಂಪು. ಬಾಗಿಲು ದೂಡಿ ಮುಚ್ಚಿದೆ. ಅವತ್ತು ನಾನು ಮಾಡಿದ ಬುದ್ಧಿವಂತಿಕೆ ಅದೊಂದೇ.

ಒಂದು ಅಲಾರ್ಮೂ ಕೂಗಲಿಲ್ಲ.

ಮೆಟ್ಟಿಲು ಹೇಗೆ ಹತ್ತಿದೆನೋ ನೆನಪಿಲ್ಲ. ಕೂಸನ್ನು ಸ್ವೆಟರಿನೊಳಗೆ ತುರುಕಿಕೊಂಡೆ. ಬಾಣಂತಿಯ ಕೂದಲು ಹಿಡಿದು ಎಳೆದೆ, ಕರೆದರೆ ಏಳುತ್ತಿರಲಿಲ್ಲ. ಕೆಳಗೆ ಬರುವಷ್ಟರಲ್ಲಿ ಮುಂದಿನ ಕೋಣೆಯ ಗೋಡೆ, ಗ್ಯಾರೇಜಿಗೆ ಅಂಟಿದ ಗೋಡೆ, ಗುಳ್ಳೆ ಎದ್ದಿತ್ತು. ಅದರ ಪಕ್ಕಕ್ಕೇ ಕ್ರಿಸ್‌ಮಸ್ ಗಿಡ. ನಾವು ಅಂಗಳ ದಾಟಿ ರಸ್ತೆಗೆ ಬಂದೆವು. ಅವಳ ಕಾಲಿಗೆ ಏನೂ ಇರಲಿಲ್ಲ, ಹಿಮದ ಮೇಲೆ ಬರಿಗಾಲು. ತಿರುಗಿ ನೋಡಿದಾಗ ಮುಂದಿನ ಕಿಟಕಿಯಲ್ಲಿ ಗಿಡ ಒಮ್ಮೆಲೇ ಭಗ್ ಎಂದು ಹೊತ್ತಿತು. ಬುಡದಿಂದ ತುದಿಯವರೆಗೆ, ಒಂದೇ ಉಸಿರಿನಲ್ಲಿ. ಅಷ್ಟರಲ್ಲಿ ಎದುರುಮನೆಯ ಹೆಂಗಸು ಹೊರಗೆ ಬಂದಿದ್ದಳು. ಅವಳು ನೋಡಿದ್ದು ಆ ಗಿಡವನ್ನು. ಫೋನಿನಲ್ಲಿ ಹಿಡಿದದ್ದೂ ಆ ಗಿಡವನ್ನೇ.

ಸತ್ತವರು ಯಾರೂ ಇಲ್ಲ. ಫೈರ್ ಎಂಜಿನ್ನುಗಳು ಬಂದವು, ನೀರು ಬಿಟ್ಟರು, ನೀರು ಬಿದ್ದಲ್ಲೇ ಹೆಪ್ಪುಗಟ್ಟಿತು. ಗ್ಯಾರೇಜು, ಮುಂದಿನ ಕೋಣೆ, ಮೇಲಿನ ಮಲಗುವ ಕೋಣೆಗಳು ಒಂದರ ಮೇಲೊಂದು ಕುಸಿದವು. ಗಂಡ ಬಂದಾಗ ಹುಡುಗಿ ಅವನ ಕೈಯಲ್ಲಿ ನೇತಾಡುತ್ತಿದ್ದಳು. "ವೇರ್ ಈಸ್ ಮೈ ರೂಮ್?" ಎಂದು ಒಂದೇ ಸಮನೆ ಕೇಳುತ್ತಿದ್ದಳು. ಆತ ಹೆಂಡತಿಯನ್ನು ನೋಡಿದ, ಕೂಸನ್ನು ನೋಡಿದ, ಆಮೇಲೆ ಎದುರುಮನೆಯವಳ ಫೋನಿನಲ್ಲಿ ಗಿಡ ನೋಡಿದ.

ಗಿಡದ ಕತೆ ಹೇಳಬೇಕು. ಆತ ಪ್ಲಾಸ್ಟಿಕ್ಕಿನದು ಸಾಕು ಎಂದಿದ್ದ. ಹುಡುಗಿ ನಿಜವಾದದ್ದೇ ಬೇಕು ಎಂದು ಅತ್ತಿದ್ದಳು, ಬಾಣಂತಿ ಮಗಳ ಪರ ನಿಂತು ತರಿಸಿದ್ದಳು. ಕಡಿದ ಗಿಡ. ಬುಡದಲ್ಲಿ ನೀರು ಹಾಕುತ್ತಿರಬೇಕಂತೆ. ಬಾಣಂತಿಗೆ ಆಗಲಿಲ್ಲ, ಬೇರೆ ಯಾರಿಗೂ ನೆನಪಾಗಲಿಲ್ಲ. ಎಲೆಗಳು ಒಣಗಿ ಮುಟ್ಟಿದರೆ ಉದುರುತ್ತಿದ್ದವು. ಮೂರು ಸಾಲು ದೀಪಗಳನ್ನು ಒಂದೇ ಎಕ್ಸ್‌ಟೆನ್ಷನ್ ವೈರಿಗೆ ಸಿಕ್ಕಿಸಿದ್ದರು. ಹಾಗಾಗಿ ಯಾರೂ ಎರಡನೆಯ ಸಲ ಯೋಚಿಸಲಿಲ್ಲ. ಫೈರ್‌ನವರು ಕಾರಣ ಇನ್ನೂ ನೋಡಬೇಕು ಎಂದು ಹೇಳಿಹೋಗಿದ್ದರು. ಮನೆಯವರು ಆಗಲೇ ಗಿಡವೇ ಕಾರಣ ಎಂದು ತೀರ್ಮಾನ ಮಾಡಿಬಿಟ್ಟಿದ್ದರು.

ಇನ್ಶೂರೆನ್ಸಿನವರು ಹೈವೇ ಎಕ್ಸಿಟ್ ಪಕ್ಕದ ಒಂದು ಹೋಟೆಲಿನಲ್ಲಿ ಇರಿಸಿದರು. ಮನೆ ಸುಟ್ಟರೆ ಉಳಿದುಕೊಳ್ಳಲು ಜಾಗವನ್ನೂ ಅವರೇ ಕೊಡುತ್ತಾರಂತೆ. ಎರಡು ರೂಮು, ನಡುವೆ ಬಾಗಿಲು. ಮಗಳು ಲೊಂಬಾರ್ಡಿನಿಂದ ಓಡಿ ಬಂದು ನನ್ನನ್ನು ಕರೆದೊಯ್ಯಲು ನೋಡಿದಳು. ಬಾಣಂತಿ ನನ್ನ ಸೆರಗು ಬಿಡಲಿಲ್ಲ.

"ಇನ್ನೆರಡು ದಿನ ಇರಿ ಅಜ್ಜಿ. ನೀವಿಲ್ದೆ ಇದ್ದಿದ್ರೆ ನಾವಿಬ್ರೂ ಇರ್ತಿರ್ಲಿಲ್ಲ."

ಆ ಮಾತು ಕೇಳಿ ನನಗೆ ನೆಲ ಬಾಯಿಬಿಡಬಾರದೇ ಎನಿಸಿತು. ಇದ್ದೆ.

ಹೋಟೆಲಿನಲ್ಲಿ ಬೆಳಗಿನ ಹೊತ್ತು ಗಂಡ ಫೋನು, ಲ್ಯಾಪ್‌ಟಾಪು ಹಿಡಿದು ಕೂರುತ್ತಿದ್ದ. ಅವನ ನಗಿಸುವ ಮಾತು ನಿಂತುಹೋಗಿತ್ತು. ಒಮ್ಮೆ ಹೆಂಡತಿ ಡಯಾಪರ್ ಎಲ್ಲಿ ಎಂದು ಕೇಳಿದಳು.

"ಸುಟ್ಟೋಯ್ತು. ಎಲ್ಲಾ ಸುಟ್ಟೋಯ್ತು. ನಿನ್ನ ಟ್ರೀನ ಕೇಳು."

ಗಟ್ಟಿಯಾಗಿ ಹೇಳಲಿಲ್ಲ. ಅದೇ ಕೆಟ್ಟದ್ದು. ಗಟ್ಟಿಯಾಗಿ ಹೇಳಿದ್ದರೆ ಅವಳೂ ಗಟ್ಟಿಯಾಗಿ ಏನಾದರೂ ಅನ್ನುತ್ತಿದ್ದಳು. ಅವಳು ಗೋಡೆಯ ಕಡೆ ತಿರುಗಿ ಕೂಸಿಗೆ ಎದೆ ಕೊಟ್ಟಳು. ಕೂಸು ಎರಡು ಸಲ ಚೀಪಿ ಕಿರುಚಿತು. ಹಾಲಿರಲಿಲ್ಲ. ಒಂದೇ ದಿನದಲ್ಲಿ ಬತ್ತಿತ್ತು. ನಾನು ನಲವತ್ತು ವರ್ಷದಲ್ಲಿ ಗಂಡ ಸತ್ತ ಬಾಣಂತಿಯರನ್ನು ನೋಡಿದ್ದೇನೆ, ಹೊಡೆತ ತಿಂದವರನ್ನು ನೋಡಿದ್ದೇನೆ, ಹೀಗೆ ಹಾಲು ಬತ್ತಿದ್ದನ್ನು ನೋಡಿರಲಿಲ್ಲ. ಮೆಂತೆ ಗಂಜಿ ಕಾಸಲು ಹೋಟೆಲಿನಲ್ಲಿ ಒಲೆ ಇರಲಿಲ್ಲ. ಬಾಟಲಿಯ ಹಾಲನ್ನು ಕೂಸು ಕುಡಿಯಲೊಲ್ಲದು, ಕುಡಿದರೆ ಕಕ್ಕುತ್ತಿತ್ತು. ಅವಳೂ ಊಟ ಬಿಟ್ಟಳು.

"ಅಜ್ಜಿ, ಅವ್ರು ಬೇಡ ಅಂದಿದ್ರು. ನಾನೇ ಹಟ ಮಾಡ್ದೆ," ಎಂದಳು. "ಒಂದು ಗಿಡಕ್ಕೋಸ್ಕರ ನಾನೇ ನನ್ನ ಮಗೂನ ಸಾಯಿಸ್ತಿದ್ದೆ."

"ಹಂಗ ಅನಬ್ಯಾಡ."

"ಮತ್ತೆ ಹೆಂಗನ್ಲಿ? ನನ್ನ ಕೈಗೆ ಕೊಡ್ಬೇಡಿ ಅವನನ್ನ. ಭಯ ಆಗುತ್ತೆ."

ಕೂಸನ್ನು ನನ್ನ ತೊಡೆಯ ಮೇಲೆ ಹಾಕಿ ಹಾಸಿಗೆಯ ಮೂಲೆಗೆ ಸರಿದಳು. ತಾಯಿ ಕೂಸನ್ನು ಮುಟ್ಟಲು ಹೆದರುತ್ತಿದ್ದಳು, ಬೆಂಕಿ ಇಟ್ಟವಳು ಅದನ್ನು ತೂಗುತ್ತಿದ್ದೆ.

ಅವತ್ತೇ ಹೇಳಬೇಕಾಗಿತ್ತು. ಹೇಳಲಿಲ್ಲ. ಹೆದರಿದ್ದೆ. ಜೈಲಿಗೆ ಹಾಕುತ್ತಾರೆ ಎನ್ನುವುದು ಒಂದು ಹೆದರಿಕೆ. ಅದಕ್ಕಿಂತ ದೊಡ್ಡದು, ಕೆಂಡ ಎಂದು ಗೊತ್ತಾದರೆ ಇನ್ಶೂರೆನ್ಸಿನವರು ಕೈ ತೊಳೆದುಕೊಂಡುಬಿಟ್ಟರೆ? ಇವರಿಗೆ ಆ ಮನೆ ಬಿಟ್ಟರೆ ಏನೂ ಇರಲಿಲ್ಲ. ಸುಟ್ಟ ಮೇಲೂ ಅದರ ಸಾಲ ಬ್ಯಾಂಕಿಗೆ ಕಟ್ಟುತ್ತಲೇ ಇರಬೇಕು. ಹೇಳಿದರೆ ಮನೆ ಹೋಗುತ್ತದೆ, ಹೇಳದಿದ್ದರೆ ಈ ಹೆಂಗಸು ಹೋಗುತ್ತಾಳೆ. ಕೂತಲ್ಲೇ ನನ್ನ ಜೀವ ಹೋದರೆ ಚೆನ್ನಾಗಿತ್ತು ಎನಿಸಿತು. ಹೋಗಲಿಲ್ಲ. ಮಧ್ಯಾಹ್ನಕ್ಕೆ ಹಸಿವಾಯಿತು, ತಿಂದೆ.

ಮಗಳಿಗೆ ಫೋನಿನಲ್ಲಿ ಹೇಳಿದೆ.

"ಅವ್ವಾ, ಬಾಯಿ ತಗೀಬ್ಯಾಡ. ಇಲ್ಲಿ ಮಂದಿ ಕೋರ್ಟಿಗೆ ಎಳಿತಾರ. ನಿನ್ನೂ ಎಳಿತಾರ, ನನ್ನೂ ಎಳಿತಾರ."

"ಆ ಬಾಣಂತಿ ಸಾಯಾಕತ್ತಾಳ."

"ಯಾರೂ ಸಾಯಂಗಿಲ್ಲ. ಇನ್ಶೂರೆನ್ಸ್ ಬಂದ್ರ ಎಲ್ಲಾ ಸರಿಹೋಗ್ತೇತಿ. ನೀ ನಾಳೆ ಇಲ್ಲಿಗೆ ಬಾ."

"ನಿನ್ನ ಹಡಿಯಾಗೂ ನೀ ಹಿಂಗ ತಡಾ ಮಾಡಿದ್ದಿ," ಎಂದೆ ಸಿಟ್ಟಿನಲ್ಲಿ. ಸಂಬಂಧವಿಲ್ಲದ ಮಾತು. ಫೋನಿಟ್ಟೆ.

ಎರಡನೆಯ ದಿನ ಗಂಡನನ್ನು ಹೊರಗೆ ಕರೆದೆ. ಐಸ್ ತುಂಬುವ ಮಷೀನಿನ ಹತ್ತಿರ ನಿಂತು ಎಲ್ಲ ಹೇಳಿದೆ. ತಗಡಿನ ಡಬ್ಬಿ ತುಂಬಿದ್ದು, ಬೂಟಿನ ಪೆಟ್ಟಿಗೆ, ಬಾಗಿಲು ತೆರೆದಾಗ ಕಂಡದ್ದು. ಬಯ್ಯುತ್ತಾನೆ ಎಂದು ಕಾದೆ. ಬಯ್ದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

"ಯಾರಿಗಾದ್ರೂ ಹೇಳಿದೀರಾ?"

"ನನ್ನ ಮಗಳಿಗೆ. ನಿನಗ."

"ಇನ್ಯಾರಿಗೂ ಹೇಳ್ಬೇಡಿ ಅಜ್ಜಿ. ಇದ್ದಿಲು ಮನೆಯೊಳಗೆ ತಂದಿದ್ದು ಅಂದ್ರೆ ಕ್ಲೇಮ್ ಕೊಡಲ್ಲ. ಅಲಾರ್ಮಿಗೆ ಟೊಪ್ಪಿಗೆ ಹಾಕಿದ್ದು ನಾನು. ಅದೂ ಬರುತ್ತೆ ಆಚೆಗೆ. ಟ್ರೀ ಅಂದ್ರೆ ಆಕ್ಸಿಡೆಂಟು. ಟ್ರೀ ಎಲ್ಲರ ಮನೇಲೂ ಇರುತ್ತೆ."

"ಆತು. ಹೊರಗಿನವರಿಗೆ ಹೇಳಂಗಿಲ್ಲ. ನಿನ್ನ ಹೇಂತಿಗೆ ಹೇಳು."

"ಹೇಳ್ತೀನಿ."

"ಇವತ್ತ ಹೇಳು."

"ಹೇಳ್ತೀನಿ ಅಂದ್ನಲ್ಲ."

ಹೇಳಲಿಲ್ಲ. ಅವತ್ತು ಸಂಜೆ ಇಬ್ಬರೂ ಒಂದೇ ಹಾಸಿಗೆಯ ಎರಡು ತುದಿಯಲ್ಲಿ ಕೂತಿದ್ದರು. ಅವಳು "ಸಾರಿ" ಎಂದಳು. ಆತ ಅವಳ ಬೆನ್ನು ಸವರಿ, "ಪರ್ವಾಗಿಲ್ಲ ಬಿಡು, ಆಗಿದ್ದು ಆಯ್ತು" ಎಂದ. ಕ್ಷಮಿಸಿದವನ ಹಾಗೆ. ಬಾಗಿಲ ಸಂದಿಯಿಂದ ನನಗೆ ಕೇಳಿಸಿತು. ನಾನು ಆತನನ್ನು ಕೆಟ್ಟವನು ಎಂದು ಇವತ್ತಿಗೂ ಹೇಳುವುದಿಲ್ಲ. ಹೆಂಡತಿಗೆ ಗೊತ್ತಾದರೆ ಅವಳು ಸುಳ್ಳು ಹೇಳಲಾರಳು ಎಂದು ಅವನಿಗೆ ಗೊತ್ತಿತ್ತು. ಅವನೂ ಮನೆ ಉಳಿಸಲು ಹೊರಟಿದ್ದ. ಆದರೆ ಮರುದಿನ ಬೆಳಿಗ್ಗೆ ಅವಳ ಎದೆ ಒತ್ತಿ ನೋಡಿದೆ. ಒಂದು ಹನಿ ಬರಲಿಲ್ಲ. ಕೂಸಿನ ನೆತ್ತಿ ಕುಳಿ ಬಿದ್ದಿತ್ತು.

ಅವತ್ತೇ ಹತ್ತು ಗಂಟೆಗೆ ಇನ್ಶೂರೆನ್ಸಿನ ಹೆಂಗಸು ಬಂದಳು. ಐವತ್ತರ ಮೇಲಿನವಳು, ದಪ್ಪ, ಬೂಟಿಗೆ ಹಿಮ ಮೆತ್ತಿತ್ತು. ಮೊದಲು ಕೂಸಿನ ಕಡೆ ನೋಡಿ ಏನೋ ಅಂದಳು, ಆಮೇಲೆ ಲ್ಯಾಪ್‌ಟಾಪ್ ತೆರೆದಳು. ಗಂಡ ಅವಳ ಎದುರು, ಬಾಣಂತಿ ಹಾಸಿಗೆಯ ಅಂಚಿನಲ್ಲಿ, ನಾನು ಕಿಟಕಿಯ ಹತ್ತಿರ ಕೂಸನ್ನಿಟ್ಟುಕೊಂಡು. ನನಗೆ ಇಂಗ್ಲಿಷ್ ಬರುವುದಿಲ್ಲ, ಆದರೆ ಅಲ್ಲೊಂದು ಇಲ್ಲೊಂದು ಮಾತು ತಿಳಿಯುತ್ತದೆ. ಟ್ರೀ ಎಂದಳು. ಲೈಟ್ಸ್ ಎಂದಳು. ಆತ ತಲೆಯಾಡಿಸುತ್ತಿದ್ದ. ನೀರು ಹಾಕುತ್ತಿದ್ದಿರಾ ಎಂದಿರಬೇಕು, ಆತ ಹೆಂಡತಿಯ ಕಡೆ ನೋಡಿದ. ಅವಳು ಬಾಯಿ ತೆರೆದಳು. "ಇಟ್ ವಾಸ್ ಮಿ," ಎಂದಳು. ಆಮೇಲೆ ಏನೇನೋ, ಉದ್ದಕ್ಕೆ, ಬೆರಳು ತಿರುಚುತ್ತ. ನಾನು ಅವನನ್ನೇ ನೋಡಿದೆ, ಈಗಲಾದರೂ ಹೇಳುತ್ತಾನೆ ಎಂದು. ಆತ ಟೇಬಲ್ಲಿನ ಅಂಚು ನೋಡುತ್ತಿದ್ದ.

"ತಂಗೀ," ಎಂದೆ ಬಾಣಂತಿಗೆ. "ನಾ ಹೇಳೂದನ್ನ ಆಕಿಗೆ ಇಂಗ್ಲಿಷಿನ್ಯಾಗ ಹೇಳು."

ಆತ ತಟ್ಟನೆ ತಲೆ ಎತ್ತಿದ. "ಅಜ್ಜಿ, ಈಗ ಬೇಡ. ಪ್ಲೀಸ್."

"ನಿನಗ ಹೇಳಾಕತ್ತಿಲ್ಲ ತಮ್ಮಾ. ನಿನಗ ಹೇಳಿ ಆತು."

ಬಾಣಂತಿ ಅವನನ್ನು ನೋಡಿದಳು, ನನ್ನನ್ನು ನೋಡಿದಳು.

"ಬೆಂಕಿ ಹಚ್ಚಿದಾಕಿ ನಾನು. ಆವತ್ತ ನಿನಗ ಎರದ ಮ್ಯಾಲೆ ಬೂದಿ ರಟ್ಟಿನ ಪೆಟ್ಟಿಗ್ಯಾಗ ಹಾಕಿ ಗ್ಯಾರೇಜಿನ್ಯಾಗ ಇಟ್ನಿ. ಒಳಗ ಕೆಂಡ ಇತ್ತು."

ಅವಳು ಇಂಗ್ಲಿಷಿನಲ್ಲಿ ಹೇಳಲಿಲ್ಲ. "ಟ್ರೀ ಅಲ್ವಾ?" ಎಂದಳು.

"ಗಿಡಕ್ಕ ಆಮ್ಯಾಲೆ ಹತ್ತೇತಿ. ಗ್ಯಾರೇಜಿನ ಬಾಗಲಾ ತಗದು ನೋಡಿದಾಕಿ ನಾನು. ಅಲ್ಲಿ ಉರಿ ಇತ್ತು. ಆಗ ನಿನ್ನ ಗಿಡದ ದೀಪ ಇನ್ನೂ ತಣ್ಣಗ ಉರಿಯಾಕತ್ತಿದ್ವು."

"ಟ್ರೀ ಅಲ್ವಾ ಅಜ್ಜಿ? ನಿಜ ಹೇಳಿ. ನನ್ನ ಸಮಾಧಾನಕ್ಕೆ ಹೇಳ್ಬೇಡಿ."

"ನಿನ್ನ ಸಮಾಧಾನಕ್ಕ ನಾ ಜೈಲಿಗೆ ಹೋಗ್ಲೇನ? ಅಷ್ಟ ಒಳ್ಳೆಯಾಕಿ ಅಲ್ಲ ನಾನು. ಆಕಿಗೆ ಹೇಳು."

ಅವಳು ಗಂಡನ ಕಡೆ ತಿರುಗಿದಳು. "ನಿಂಗೆ ಗೊತ್ತಿತ್ತಾ?"

"ಕ್ಲೇಮ್ ಆಗ್ಲಿ, ಆಮೇಲೆ ಹೇಳೋಣ ಅಂತ…"

"ಯಾವಾಗಿಂದ ಗೊತ್ತು?"

"ನಿನ್ನೆಯಿಂದ."

"ನಿನ್ನೆ ಸಾಯಂಕಾಲ ನನ್ನ ಬೆನ್ನು ಸವರಿದ್ಯಲ್ಲ. ಆವಾಗ ಗೊತ್ತಿತ್ತಾ?"

ಇನ್ಶೂರೆನ್ಸಿನವಳು ಮೂವರ ಮುಖವನ್ನೂ ನೋಡುತ್ತ, ಕೈಯನ್ನು ಲ್ಯಾಪ್‌ಟಾಪಿನ ಮೇಲಿಂದ ತೆಗೆದು ತೊಡೆಯ ಮೇಲೆ ಇಟ್ಟುಕೊಂಡಿದ್ದಳು. ಬಾಣಂತಿ ಅವಳ ಕಡೆ ತಿರುಗಿ ಹೇಳತೊಡಗಿದಳು. ಎಲ್ಲ ಹೇಳಿದಳು. ಬಾಣಲೆ ತೋರಿಸಲು ಕೈಯಲ್ಲಿ ದುಂಡಗೆ ಮಾಡಿದಳು, ಪೆಟ್ಟಿಗೆಯ ಉದ್ದ ತೋರಿಸಿದಳು. ಆಮೇಲೆ ಹೋಟೆಲಿನ ಸೂರು ತೋರಿಸಿ, ತನ್ನ ತಲೆಗೆ ಟೊಪ್ಪಿಗೆ ಎಳೆದುಕೊಂಡ ಹಾಗೆ ಮಾಡಿ ತೋರಿಸಿದಳು. ಗಂಡ ಎರಡೂ ಕೈಗಳಿಂದ ಮುಖ ಮುಚ್ಚಿಕೊಂಡ.

ಆ ಹೆಂಗಸು ಬಹಳ ಹೊತ್ತು ಟೈಪ್ ಮಾಡಿದಳು. ಬೂದಿ ಎಷ್ಟು ಹೊತ್ತಿಗೆ ಇಟ್ಟಿರಿ ಎಂದು ಬಾಣಂತಿಯ ಮೂಲಕ ಕೇಳಿದಳು. ಹತ್ತೂವರೆಗೆ ಎಂದೆ. ಬೇಕೆಂದು ಇಟ್ಟಿರಾ ಎಂದು ಕೇಳಿದಳು. ನಾನು ಕೂಸನ್ನು ಎತ್ತಿ ತೋರಿಸಿದೆ. ಅವಳು ತಲೆಯಾಡಿಸಿದಳು. ಆಮೇಲೆ ಅವಳು ಹೇಳಿದ್ದನ್ನು ಬಾಣಂತಿ ನನಗೆ ಕನ್ನಡದಲ್ಲಿ ಹೇಳಿದಳು. ಪ್ರತಿ ಚಳಿಗಾಲ ಇದನ್ನು ನೋಡುತ್ತಾಳಂತೆ. ಬಿಳಿಯರೂ ಬೆಂಕಿಗೂಡಿನ ಬೂದಿಯನ್ನು ಕಾಗದದ ಚೀಲಕ್ಕೆ ಹಾಕಿ ಡೆಕ್ ಮೇಲೆ ಇಡುತ್ತಾರಂತೆ, ಕೆಂಡ ದಿನಗಟ್ಟಲೆ ಬದುಕಿರುತ್ತದಂತೆ. ದಡ್ಡತನಕ್ಕೆ ಇನ್ಶೂರೆನ್ಸ್ ಇದೆ, ಸುಳ್ಳಿಗೆ ಇಲ್ಲ ಎಂದಳಂತೆ. ಗೊತ್ತಿದ್ದೂ ಗಿಡ ಎಂದು ಸಹಿ ಮಾಡಿ, ಆಮೇಲೆ ಬೂದಿಯ ಡಬ್ಬಿ ಸಿಕ್ಕಿದ್ದರೆ ಒಂದು ಕಾಸೂ ಬರುತ್ತಿರಲಿಲ್ಲವಂತೆ. ಅಲಾರ್ಮಿನ ವಿಷಯ ಬರೆಯಲೇಬೇಕು, ಅದಕ್ಕೆ ಏನನ್ನುತ್ತಾರೋ ಮೇಲಿನವರು ನೋಡಬೇಕು ಎಂದಳಂತೆ. ಮುಂದಿನ ದಿನ ಬೆಂಕಿಯ ಕಾರಣ ಹುಡುಕುವವನು ಮನೆಗೆ ಬರುತ್ತಾನೆ, ಈ ಅಜ್ಜಿ ಬಂದು ಜಾಗ ತೋರಿಸಬೇಕು ಎಂದಳು. ಬರುತ್ತೇನೆ ಎಂದೆ.

ಅವಳು ಹೋದಮೇಲೆ ಬಾಣಂತಿ ನನ್ನ ಮುಂದೆ ಬಂದು ನಿಂತು ಕೈ ಚಾಚಿದಳು.

"ಮಗೂನ ಕೊಡಿ."

ಕೊಟ್ಟೆ. ಎದೆಗೆ ಅವಚಿಕೊಂಡಳು. ಎರಡು ದಿನದಿಂದ ಮುಟ್ಟಲು ಹೆದರಿದ್ದವಳು.

"ಅಜ್ಜಿ, ನಿಮ್ಮ ಮಗಳನ್ನ ಕರೀರಿ. ಇವತ್ತೇ ಹೋಗಿ. ನಾಳೆಯಿಂದ ನಾನೇ ಸ್ನಾನ ಮಾಡಿಸ್ತೀನಿ ಇವ್ನಿಗೆ."

"ಹೂಂ."

"ನನ್ನ ಕೂದ್ಲು ಹಿಡಿದು ಎಬ್ಬಿಸಿದ್ರಿ, ಅದನ್ನ ಮರೆಯಲ್ಲ. ಆದ್ರೆ ಮೂರು ದಿನ ನನ್ನ ಪಕ್ಕದಲ್ಲೇ ಕೂತ್ಕೊಂಡು ಸುಮ್ನಿದ್ರಲ್ಲ, ಅದನ್ನೂ ಮರೆಯಲ್ಲ."

ಅವಳು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ನನ್ನ ಬಳಿ ಗಂಟು ಕಟ್ಟಲು ಏನೂ ಉಳಿದಿರಲಿಲ್ಲ, ಉಟ್ಟ ಸೀರೆ, ಹೋಟೆಲಿನವರು ಕೊಟ್ಟ ಚಪ್ಪಲಿ. ಗಂಡ ಕೆಳಗಿನವರೆಗೂ ಬಂದ. ಮಗಳು ದಾರಿಯುದ್ದಕ್ಕೂ ಬಯ್ದಳು. ಅವರಿಗೆ ಇನ್ಶೂರೆನ್ಸ್ ಬಂತು ಎಂದು ಎಷ್ಟೋ ತಿಂಗಳಾದಮೇಲೆ ಅವಳೇ ಹೇಳಿದಳು, ಎಲ್ಲ ಬರಲಿಲ್ಲವಂತೆ, ಬಹಳಷ್ಟು ಬಂತಂತೆ. ಬಾಣಂತಿಗೆ ಹಾಲು ಮತ್ತೆ ಬಂತೇ ಎಂದು ನಾನು ಕೇಳಲಿಲ್ಲ. ಕೇಳುವ ಬಾಯಿ ಇರಲಿಲ್ಲ.

ಹೋಟೆಲು ಬಿಟ್ಟ ಮರುದಿನ ಬೆಳಿಗ್ಗೆ ಮಗಳು ರಜೆ ಹಾಕಿ ನನ್ನನ್ನು ಆ ಮನೆಗೆ ಕರೆದೊಯ್ದಳು. ಸುತ್ತ ಹಳದಿ ಪಟ್ಟಿ ಕಟ್ಟಿದ್ದರು. ಇಟ್ಟಿಗೆಯ ಮುಖ ಮಾತ್ರ ನಿಂತಿತ್ತು, ಹಿಂದೆ ಆಕಾಶ. ಕಾರಣ ಹುಡುಕುವವನು ವಯಸ್ಸಾದ ಮನುಷ್ಯ. ಒಂದು ಗಟ್ಟಿ ಟೊಪ್ಪಿಗೆಯನ್ನು ನನ್ನ ಸೆರಗಿನ ಮೇಲೆ ಇಟ್ಟು ಗದ್ದದ ಕೆಳಗೆ ಬಿಗಿದ, ಕೈ ಹಿಡಿದು ಗ್ಯಾರೇಜಿನೊಳಕ್ಕೆ ನಡೆಸಿದ. ನೆಲವೆಲ್ಲ ಕಪ್ಪು ಮಂಜುಗಡ್ಡೆ. ಪೆಟ್ಟಿಗೆ ಎಲ್ಲಿತ್ತು ಎಂದು ಮಗಳ ಮೂಲಕ ಕೇಳಿದ. ಒಳಬಾಗಿಲು ಇದ್ದ ಜಾಗದಿಂದ ಮೂರು ಹೆಜ್ಜೆ ಎಣಿಸಿದೆ, ಗೋಡೆಯ ಕಡೆ ತಿರುಗಿದೆ. ಹಲಗೆಯ ಕಬ್ಬಿಣದ ಕಾಲುಗಳು ಬಾಗಿ ನಿಂತಿದ್ದವು. ಇಲ್ಲಿ, ಎಂದೆ. ಎಷ್ಟು ಎತ್ತರದಲ್ಲಿ ಎಂದ. ಸೊಂಟದ ಹತ್ತಿರ ಕೈ ಹಿಡಿದು ತೋರಿಸಿದೆ. ಆತ ಮತ್ತೆ ಕೇಳಿದ, ನಾನು ಮತ್ತೆ ಬಾಗಿಲಿನಿಂದ ಮೂರು ಹೆಜ್ಜೆ ನಡೆದು ಅಲ್ಲೇ ಬಂದೆ. ಆಗ ಒಂದು ಬಿಳಿ ಕೋಲು ಕೊಟ್ಟು ಜಾಗಕ್ಕೆ ಮುಟ್ಟಿಸು ಎಂದ. ಮುಟ್ಟಿಸಿದೆ. ಆತ ಫೋಟೋ ತೆಗೆದು ಮುಗಿಸುವವರೆಗೆ ಕೋಲು ಅಲ್ಲಾಡದಂತೆ ಎರಡೂ ಕೈಯಲ್ಲಿ ಹಿಡಿದು ನಿಂತೆ.